ಆನ್‌ಲೈನ್ ಕ್ಲಾಸಿನ ಉಳಿತಾಯ ನಂಬಬ್ಯಾಡ್ರಿ

ಈಗ ನಮ್ಮ ಕಡೆ ಯಾರ ಮನಿಗೆ ಅರಿಷಿಣ ಕುಂಕುಮಕ್ಕ ಹೋದ್ರೂ ‘ನಮ್ಮ ಹುಡುಗ ಕೆನಡಾಕ್ಕ ಓದಲಿಕ್ಕೆ ಹೊಂಟಾನ’ ಅನ್ನೋ ಮಾತು ಬಂದ ಬರತದ. ಸಂತೋಷದ ಮಾತ ಅದು. ಆದ್ರ ಅದರ ಬೆನ್ನಿಗೇ ಇನ್ನೊಂದು ಮಾತು ಕೇಳತೇನಿ: ‘ಮೊದಲನೇ ಸೆಮಿಸ್ಟರ್ ಮನ್ಯಾಗ ಕೂತು ಆನ್‌ಲೈನ್ ಮಾಡಿದ್ರ ಆತು, ಬಾಡಿಗಿ ಉಳೀತದ, ಊಟದ ಖರ್ಚೂ ಉಳೀತದ.’ ಈ ಉಳಿತಾಯದ ಮ್ಯಾಲೆನ ನನ್ನ ತಕರಾರು.

ಹುಡುಗರು ಅಲ್ಲಿಗೆ ಹೋಗೂದು ಬರೇ ಸರ್ಟಿಫಿಕೇಟಿಗೆ ಅಲ್ಲ, ಇದು ನಮಗೆಲ್ಲಾ ಗೊತ್ತಿದ್ದದ್ದ. ಓದು ಮುಗದ ಮ್ಯಾಲೆ ಅಲ್ಲೇ ದುಡೀಲಿಕ್ಕೆ ಒಂದು ಪರ್ಮಿಟ್ ಕೊಡತಾರ. ಅದಕ್ಕ ಪೋಸ್ಟ್ ಗ್ರಾಜುಯೇಷನ್ ವರ್ಕ್ ಪರ್ಮಿಟ್ ಅಂತಾರ. ಕೋರ್ಸು ಎಷ್ಟು ದೊಡ್ಡದು ಅನ್ನೋದರ ಮ್ಯಾಲೆ 8 ತಿಂಗಳಿಂದ 3 ವರ್ಷದ ತನಕ ಸಿಗತದ. ಬ್ಯಾಂಕಿನ ಸಾಲ ತೀರೂದು, ಒತ್ತಿ ಇಟ್ಟ ಪಾಟ್ಲಿ ಬಿಡಿಸಿಕೊಳ್ಳೂದು, ಮುಂದ ಅಲ್ಲೇ ಕಾಯಂ ಆಗೂದು, ಎಲ್ಲಾ ಇದರ ಮ್ಯಾಲೆನ ನಿಂತದ. ಮತ್ತ ಇದು ಜನ್ಮಕ್ಕ ಒಂದ ಸಲ ಸಿಗೂದು.

ಈ ಪರ್ಮಿಟ್ಟಿಗೂ ಆನ್‌ಲೈನ್ ಓದಿಗೂ ನೇರ ಸಂಬಂಧ ಅದ. ಕೋರ್ಸಿನ ಕಡಿಮಿ ಅಂದ್ರೂ ಅರ್ಧ ಭಾಗ ಕೆನಡಾದಾಗ, ಕ್ಲಾಸಿನ್ಯಾಗ ಕೂತು ಮುಗಿಸಿರಬೇಕು. ದೂರಶಿಕ್ಷಣದಾಗ ಇಡೀ ಕೋರ್ಸು ಮುಗಿಸಿದವರಿಗೆ ಪರ್ಮಿಟ್ ಇಲ್ಲ. ಕೆನಡಾದ ಹೊರಗ ಕೂತು ಓದಿದ ಕಾಲವನ್ನ ಪರ್ಮಿಟ್ಟಿನ ಅವಧಿಯೊಳಗಿಂದ ಕಳೀತಾರ. ಅಂದ್ರ ಇಲ್ಲೆ ನಾಲ್ಕು ತಿಂಗಳ ಬಾಡಿಗಿ ಉಳಿಸಿದ್ರ, ಅಲ್ಲೆ ನಾಲ್ಕು ತಿಂಗಳ ಪಗಾರ ಹೋತು. ಯಾವುದು ಹೆಚ್ಚು, ನೀವ ಲೆಕ್ಕಾ ಹಾಕ್ರಿ.

‘ಅಯ್ಯ, ನಮ್ಮ ಅಕ್ಕನ ಮಗ ಊರಾಗ ಕೂತ ಓದಿದ್ದನಲ್ಲ, ಅವಗ ಸಿಕ್ಕದಲ್ಲ’ ಅಂತೀರಿ. ಖರೆ. ಅದು ಕೊರೊನಾ ಕಾಲ. ವಿಮಾನ ಇಲ್ಲ, ಕಾಲೇಜು ಬಂದ್, ಹಿಂಗಾಗಿ ಅವರು ಆವಾಗ ಸಡಿಲು ಬಿಟ್ಟಿದ್ರು. 2022ರ ಆಗಸ್ಟ್ 31ರ ತನಕ ಹೊರಗಿಂದ ಓದಿದ್ದನ್ನ ಕಳೀಲಿಲ್ಲ. ಸೆಪ್ಟೆಂಬರ್ 1ರಿಂದ ಕಳೀಲಿಕ್ಕೆ ಸುರು ಮಾಡಿದ್ರು. ಆ ಹುಡುಗನ ದಾರಿ ಈಗ ಮುಚ್ಚೇದ. ಅದನ್ನ ತೋರಿಸಿ ಇವತ್ತು ಯಾರರೆ ಫೀ ಕಟ್ಟಿಸಿಕೊಂಡ್ರ ಅದು ಮೋಸ.

ಅಲ್ಲಿಗೆ ಹೋದ ಮ್ಯಾಲೂ ಹುಷಾರಿರಬೇಕು. ಹೊರಗ ಹಿಮ ಬೀಳತಿರತದ, ರಾತ್ರಿ ಅಂಗಡಿಯೊಳಗ ದುಡದು ಬಂದಿರತಾರ, ಮುಂಜಾನೆ ಬಸ್ಸು ಹಿಡೀಲಿಕ್ಕೆ ಬ್ಯಾಸರ. ಫೋನಿನ್ಯಾಗ ನಾವೂ ಕರಳು ಕಿತ್ತು ಬಂದಂಗಾಗಿ ‘ಆನ್‌ಲೈನ್ ಇದ್ರ ಅದನ್ನ ತಗೊಳ್ಳೋ, ಬೆಚ್ಚಗ ಖೋಲಿಯೊಳಗ ಕೂತು ಓದು’ ಅಂತೇವಿ. ಆದ್ರ ಕೆನಡಾದಾಗ ಇದ್ದರೂ ಅರ್ಧಕ್ಕಿಂತ ಹೆಚ್ಚು ಆನ್‌ಲೈನ್ ಆದ್ರ ಪರ್ಮಿಟ್ ಕೈ ತಪ್ಪತದ. ಒಂದೆರಡು ವಿಷಯ ತಗೊಳ್ಳಲಿ, ಬ್ಯಾಡ ಅನ್ನೂದಿಲ್ಲ. ಪ್ರತಿ ಸೆಮಿಸ್ಟರಿಗೆ ಲೆಕ್ಕಾ ಬರದು ಇಟ್ಟುಕೊಳ್ಳಲಿ.

ಪಾಠ ಅದ, ಪರೀಕ್ಷಾ ಅದ, ಎಲ್ಲೆ ಕೂತ್ರ ಏನು ಅಂತ ಹುಡುಗರು ವಾದಾ ಮಾಡತಾರ. ಅವರ ಮಾತಿನ್ಯಾಗ ಹುರುಳಿಲ್ಲ ಅನ್ನಲಿಕ್ಕೆ ಆಗೂದಿಲ್ಲ. ಆದ್ರ ನಮ್ಮ ದೇಶದಾಗ ದುಡೀಬೇಕಂದ್ರ ನಮ್ಮಲ್ಲೆ ಬಂದು, ನಮ್ಮ ಜನರ ಜೋಡಿ ಕೂತು ಕಲೀರಿ ಅಂತ ಒಂದು ದೇಶ ಕೇಳಿದ್ರ ಅದೂ ತಪ್ಪಲ್ಲ. ನನ್ನ ಸಿಟ್ಟು ನಿಯಮದ ಮ್ಯಾಲೆ ಇಲ್ಲ. ‘ಮನಿಯಿಂದನ ಸುರು ಮಾಡ್ರಿ’ ಅಂತ ಬಣ್ಣಬಣ್ಣದ ಕಾಗದ ಹಂಚಿ, ಪರ್ಮಿಟ್ಟಿನ ಮಾತು ಬಾಯಿ ಬಿಡದ ಏಜೆಂಟರ ಮ್ಯಾಲೆ ಅದ.

ಅದಕ್ಕ ಮಗನ ಜೋಡಿ ನೀವೂ ಏಜೆಂಟನ ಆಫೀಸಿಗೆ ಹೋಗ್ರಿ. ಇಂಗ್ಲಿಷ್ ಬರೂದಿಲ್ಲ ಅಂತ ಹೊರಗ ಕೂಡಬ್ಯಾಡ್ರಿ, ಬಂಗಾರ ನಿಮ್ಮದದ. ಈ ಕೋರ್ಸಿಗೆ ಪರ್ಮಿಟ್ ಸಿಗತದೇನು? ಕ್ಲಾಸಿನ್ಯಾಗ ಎಷ್ಟು, ಆನ್‌ಲೈನ್ ಎಷ್ಟು? ಹೊರಗ ಓದಿದ್ರ ಎಷ್ಟು ತಿಂಗಳು ಕಳೀತಾರ? ಈ ಮೂರೂ ಕೇಳಿ, ಉತ್ತರ ಕಾಲೇಜಿನಿಂದನ ಬರವಣಿಗಿಯೊಳಗ ತರಿಸಿಕೊಳ್ರಿ. ನಿಯಮ ಪದೇ ಪದೇ ಬದಲಿ ಆಗತಾವ, ಹಿಂಗಾಗಿ ಕೆನಡಾ ಸರಕಾರದ ವೆಬ್‌ಸೈಟನ್ನೂ ಹುಡುಗನ ಕಡೆ ತಗಸಿ ಓದಿಸಿ ಕೇಳ್ರಿ. ಆಮ್ಯಾಲೆ ರೊಕ್ಕ ಕಟ್ರಿ.