ಬದುಕಿ ಬಂದವರ ಬಾಗಿಲು ತಟ್ಟಿ



ಫಾರಸಿಯಲ್ಲಿ ‘ಆಬೆರೂ’ ಎಂಬ ಮಾತಿದೆ. ಅಕ್ಷರಶಃ ‘ಮುಖದ ನೀರು’. ಬಳಕೆಯಲ್ಲಿ ಮಾನ, ಮರ್ಯಾದೆ. ನಮ್ಮ ಧಾರವಾಡ, ಬೆಳಗಾವಿ ಕಡೆ ‘ಅಬ್ರು ಹೋತು’ ಅನ್ನುವಾಗ ಬರುವುದೂ ಇದೇ ಪದ. ಇರಾನಿನ ಎಷ್ಟೋ ಮನೆಗಳಲ್ಲಿ ಯಾರಾದರೂ ಆತ್ಮಹತ್ಯೆಗೆ ಯತ್ನಿಸಿ ಬದುಕಿಕೊಂಡರೆ ಮನೆಯವರನ್ನು ಮೊದಲು ಕಾಡುವುದು ಈ ಆಬೆರೂ. ನೆಂಟರಿಗೆ ‘ಅಪಘಾತ’ ಎನ್ನುತ್ತಾರೆ. ಆಸ್ಪತ್ರೆಯಿಂದ ಬೇಗ ಬಿಡಿಸಿಕೊಂಡು ಹೋಗುತ್ತಾರೆ. ಆಮೇಲೆ ಆ ಮಾತನ್ನೇ ಎತ್ತುವುದಿಲ್ಲ.

ಈ ಮೌನ ಮುರಿಯಬೇಕು ಎಂದು ಹೇಳಲಿಕ್ಕೇ ಈ ಕರಪತ್ರ. ಒಮ್ಮೆ ಯತ್ನಿಸಿದವರಿಗೆ ಮತ್ತೆ ಅದೇ ಅಪಾಯ ಎದುರಾಗುವ ಸಂಭವ ಉಳಿದೆಲ್ಲರಿಗಿಂತ ಹೆಚ್ಚು. ಜನ ಜೊತೆಗಿರಬೇಕಾದ ಆ ಹೊತ್ತಿನಲ್ಲೇ ಅವರು ಒಂಟಿಯಾಗುತ್ತಾರೆ.

ಇರಾನಿನ ಒಟ್ಟು ಆತ್ಮಹತ್ಯೆ ಪ್ರಮಾಣ ವಿಶ್ವದ ಸರಾಸರಿಗಿಂತ ಕಡಿಮೆ. ಅಷ್ಟಕ್ಕೇ ಸಮಾಧಾನಪಡುವವರು ಪಶ್ಚಿಮದ ಇಲಾಂ, ಕೆರ್ಮಾನ್‌ಶಾ ಪ್ರಾಂತಗಳತ್ತ ಒಮ್ಮೆ ನೋಡಲಿ. ಇರಾಕ್ ಗಡಿಗೆ ಅಂಟಿಕೊಂಡಿರುವ ಇಲಾಂ 1980ರಿಂದ 1988ರವರೆಗೆ ಇರಾನ್-ಇರಾಕ್ ಯುದ್ಧದ ಬೆಂಕಿಯಲ್ಲಿ ಬೆಂದ ನೆಲ. ಯುದ್ಧ ನಿಂತರೂ ನಿರುದ್ಯೋಗ ನಿಲ್ಲಲಿಲ್ಲ. ಅಲ್ಲಿ ಯತ್ನಿಸಿದವರಲ್ಲಿ ಎದ್ದು ಕಾಣುವವರು ಹರೆಯದ ಹೆಣ್ಣುಮಕ್ಕಳು. ಸಂಶೋಧಕರು ಕಾರಣ ಕೇಳಿದಾಗ ಮತ್ತೆ ಮತ್ತೆ ಬರುವ ಉತ್ತರ: ಗಂಡನ ಹೊಡೆತ, ಅತ್ತೆಮನೆಯ ಜಗಳ, ಒಲ್ಲದ ಮದುವೆ. 13 ತುಂಬಿದ ಹುಡುಗಿಯ ಮದುವೆಗೆ ಇರಾನಿನ ಕಾನೂನಿನ ಒಪ್ಪಿಗೆ ಇದೆ. ಅದಕ್ಕೂ ಮೊದಲೇ ಮಾಡಬೇಕೆಂದರೆ ತಂದೆ ಒಪ್ಪಿ ನ್ಯಾಯಾಲಯ ಹೂಂ ಎಂದರೆ ಸಾಕು. ಓದು ನಿಂತು, ತವರಿನ ದಾರಿ ಮುಚ್ಚಿ, ಕೈಯಲ್ಲಿ ಕಾಸಿಲ್ಲದೆ ಕೂತ ಹುಡುಗಿಯ ಸಂಕಟಕ್ಕೆ ಬರೀ ‘ಮಾನಸಿಕ ಕಾಯಿಲೆ’ ಎಂದು ಹೆಸರಿಡುವುದು ಅನ್ಯಾಯ. ಆ ಕಾನೂನು ಬದಲಾಗಲೇಬೇಕು.

ಹಾಗೆಂದು ಕಾಯಿಲೆ ಇಲ್ಲವೇ? ಇದೆ. 2011ರ ರಾಷ್ಟ್ರೀಯ ಸಮೀಕ್ಷೆಯಂತೆ 15ರಿಂದ 64 ವರ್ಷದವರಲ್ಲಿ ಶೇ. 23.6 ಮಂದಿಗೆ ಆ ಹಿಂದಿನ ಒಂದು ವರ್ಷದಲ್ಲಿ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಹೆಚ್ಚಿನವು ಆತಂಕ, ಖಿನ್ನತೆ. ಅವರಲ್ಲಿ ಸುಮಾರು ಮೂರರಲ್ಲಿ ಇಬ್ಬರು ಚಿಕಿತ್ಸೆಗೇ ಹೋಗಿರಲಿಲ್ಲ. ‘ದೆಲಂ ಗೆರೆಫ್ತೆ’ ಎನ್ನುತ್ತಾರೆ ಇರಾನಿನವರು, ಎದೆ ಬಿಗಿದಿದೆ ಎಂದು. ಹಾಗೆ ಅಂದವಳಿಗೆ ಇಸಿಜಿ ತೆಗೆದು ‘ಏನೂ ಇಲ್ಲಮ್ಮ’ ಎಂದು ಕಳಿಸಿಬಿಟ್ಟರೆ ಅವಳ ಮಾತು ಕೇಳಿದಂತಾಗಲಿಲ್ಲ.

ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಇರಾನಿನಲ್ಲೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಯೋಗವೊಂದು ಟೆಹ್ರಾನ್ ಪಕ್ಕದ ಕರಜ್, ನಮ್ಮ ನೆರೆಯ ಚೆನ್ನೈ, ಕೊಲಂಬೊ ಸೇರಿ ಐದು ಊರುಗಳಲ್ಲಿ ನಡೆಯಿತು. ಯತ್ನಿಸಿ ಬದುಕಿದ 1,867 ಜನರಲ್ಲಿ ಅರ್ಧದಷ್ಟು ಮಂದಿಗೆ ಮಾಮೂಲಿ ಚಿಕಿತ್ಸೆ. ಉಳಿದವರ ಜೊತೆ ಆಸ್ಪತ್ರೆ ಬಿಡುವ ಮುನ್ನ ಒಂದು ತಾಸು ಕೂತು ಮಾತು. ಆಮೇಲೆ 18 ತಿಂಗಳಲ್ಲಿ ಒಂಬತ್ತು ಸಲ ಫೋನ್ ಇಲ್ಲವೇ ಮನೆಭೇಟಿ. ಹೇಗಿದ್ದೀರಿ, ಏನು ಬೇಕು ಎಂಬ ವಿಚಾರಣೆ, ಅಷ್ಟೇ. ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ. 2.2 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರು. ಹೀಗೆ ವಿಚಾರಣೆ ಸಿಕ್ಕವರಲ್ಲಿ ಶೇ. 0.2. ಈ ಫಲಿತಾಂಶ ಪ್ರಕಟವಾದದ್ದು 2008ರಲ್ಲಿ.

ಒಂಬತ್ತು ಭೇಟಿಗೆ ಜನ ಎಲ್ಲಿ ಎಂದು ಕೇಳಬೇಡಿ. ಇರಾನಿನ ಹಳ್ಳಿಗಾಡಿನಲ್ಲಿ ‘ಖಾನೆ ಬೆಹ್ದಾಶ್ತ್’ ಎಂಬ ಆರೋಗ್ಯ ಮನೆಗಳಿವೆ. ಅಲ್ಲಿರುವ ‘ಬೆಹ್ವರ್ಜ್’ ಕಾರ್ಯಕರ್ತರು ನಮ್ಮ ಆಶಾ ಅಕ್ಕಂದಿರಂತೆ ಆಯಾ ಊರಿನವರೇ. ಯಾವ ಮನೆಯಲ್ಲಿ ಎಷ್ಟು ಮಕ್ಕಳು ಎಂದು ಬಲ್ಲವರು. 1980ರ ದಶಕದ ಕೊನೆಯಿಂದಲೇ ಮಾನಸಿಕ ಆರೋಗ್ಯವೂ ಅವರ ಕೆಲಸಕ್ಕೆ ಸೇರಿದೆ. ಬದುಕಿ ಬಂದ ಪ್ರತಿಯೊಬ್ಬರ ಹೊಣೆಯನ್ನೂ ಇರಾನಿನ ಸರ್ಕಾರ ಅವರಿಗೆ ಒಪ್ಪಿಸಿ, ಆ ಕೆಲಸಕ್ಕೆ ಸಂಬಳ ಕೊಡಲಿ.

ನಮ್ಮ ಮೈಸೂರು, ಬೆಂಗಳೂರಿಗೂ ಓದಲು ಬಂದ ಇರಾನಿ ಮಕ್ಕಳಿದ್ದಾರೆ. ರಿಯಾಲ್ ಬೆಲೆ ಕುಸಿದಾಗಲೆಲ್ಲ ಮನೆಯಿಂದ ಬರುವ ಹಣ ಕರಗುತ್ತದೆ. ಅಲ್ಲಿ ಇಂಟರ್ನೆಟ್ ಕಡಿದಾಗ ತಾಯಿಯ ಮುಖ ನೋಡುವ ವಿಡಿಯೊ ಕರೆಯೂ ನಿಲ್ಲುತ್ತದೆ. ಮನೆ ಮಾಲೀಕರೇ, ಹಾಸ್ಟೆಲ್ ವಾರ್ಡನ್‌ಗಳೇ, ಸಹಪಾಠಿಗಳೇ, ಊಟ ಬಿಟ್ಟು ಬಾಗಿಲು ಹಾಕಿಕೊಂಡವರನ್ನು ಹೋಗಿ ಮಾತಾಡಿಸಿ. ‘ಸಾಯಬೇಕು ಅನ್ನಿಸುತ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ತಲೆಗೆ ಬರುವುದಿಲ್ಲ. ಹೌದು ಎಂದರೆ ಒಂಟಿಯಾಗಿ ಬಿಡಬೇಡಿ, ಪಕ್ಕದಲ್ಲೇ ಕೂತು 14416ಕ್ಕೆ ಕರೆ ಮಾಡಿ. ಅದು ಟೆಲಿ ಮನಸ್. ಹಗಲಿರುಳೂ ಇದೆ, ಹಣ ಕೊಡಬೇಕಿಲ್ಲ. ಮುಂದಿನ ವಾರ ಮತ್ತೆ ಹೋಗಿ ಬಾಗಿಲು ತಟ್ಟಿ.