ಓಡಿಬಂದವಳಿಗೆ ಮೊದಲು ಬಾಗಿಲು ತೆರೆಯೋಣ



ಸೂಳಗಿರಿಯಿಂದ ಹೊಸೂರಿಗೆ ಕೆಲಸಕ್ಕೆ ಹೋಗುವಾಗ ನಮ್ಮಲ್ಲಿ ಅನೇಕರು ದಾರಿಯುದ್ದಕ್ಕೂ ಮೊಬೈಲಿನಲ್ಲಿ ಕಥೆ ಓದುತ್ತೇವೆ. ಹೊಡೆಯುವ ಗಂಡ, ನಡುರಾತ್ರಿ ಮಗುವನ್ನೆತ್ತಿಕೊಂಡು ಓಡುವ ಹೆಂಡತಿ, ಬೆನ್ನಟ್ಟುವ ಕಾರು, ಕೊನೆಗೆ ಕಾಪಾಡಿ ಪ್ರೀತಿಸುವ ಒಬ್ಬ ನಾಯಕ. ಓದಲು ಚೆನ್ನಾಗಿರುತ್ತದೆ. ಆದರೆ ನಮ್ಮ ಕಡೆ ಹಾಗೆ ಓಡಿಬಂದವಳಿಗೆ ದಾರಿಯಲ್ಲಿ ನಾಯಕ ಸಿಗುವುದಿಲ್ಲ. ಅವಳು ತಟ್ಟುವುದು ತವರಿನ ಬಾಗಿಲನ್ನು. ಅದು ತೆರೆಯುತ್ತದೋ ಇಲ್ಲವೋ ಎಂಬುದೇ ಅವಳ ಎದೆ ನಡುಗಿಸುವ ಪ್ರಶ್ನೆ.

ತೆರೆದರೂ ನಾವು ಹೇಳುವುದೇನು? "ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಹೋಗಮ್ಮ. ಕುಡಿದಾಗ ತಾನೆ ಹೊಡೆಯೋದು? ನಿನ್ನ ತಂಗಿ ಮದುವೆ ಇನ್ನೂ ಬಾಕಿ ಇದೆ." ಸಾಲದೆಂದು ದೇವರ ಹೆಸರನ್ನೂ ಸೇರಿಸುತ್ತೇವೆ: "ಇದು ನಿನ್ನ ಶಿಲುಬೆ, ಹೊತ್ತುಕೋ."

ಇದು ಧರ್ಮಸಭೆಯ ಬೋಧನೆಯಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1153ನೇ ನಿಯಮವನ್ನು ನೋಡಿ. ಸಂಗಾತಿಯ ಅಥವಾ ಮಕ್ಕಳ ದೇಹಕ್ಕೋ ಮನಸ್ಸಿಗೋ ಗಂಭೀರ ಅಪಾಯ ತರುವವನನ್ನು ಬಿಟ್ಟು ಹೊರಡಲು ನ್ಯಾಯವಾದ ಕಾರಣವಿದೆ ಎನ್ನುತ್ತದೆ ಅದು. ತಡಮಾಡಿದರೆ ಅಪಾಯವೆಂದಾದರೆ ಯಾರ ಅಪ್ಪಣೆಗೂ ಕಾಯಬೇಕಿಲ್ಲ. ಹಿಂಸೆಯಿಂದ ದುರ್ಬಲರನ್ನು ಕಾಪಾಡಲು ಬೇರೆಯಾಗುವುದು ಕೆಲವೊಮ್ಮೆ ನೈತಿಕವಾಗಿಯೇ ಅಗತ್ಯ ಎಂದು ಜಗದ್ಗುರು ಫ್ರಾನ್ಸಿಸರೂ 2016ರ 'ಅಮೋರಿಸ್ ಲೆಟೀಷಿಯಾ'ದಲ್ಲಿ ಬರೆದರು.

ಸಂತ ಜೋಸೆಫರು ಹೆರೋದನಿಂದ ತಪ್ಪಿಸಿಕೊಳ್ಳಲು ಮಗುವನ್ನೂ ತಾಯಿಯನ್ನೂ ರಾತ್ರೋರಾತ್ರಿ ಈಜಿಪ್ಟಿಗೆ ಕರೆದೊಯ್ದರು. ಹೆರೋದನೊಡನೆ ಹೊಂದಿಕೊಂಡು ಹೋಗಿ ಎಂದು ದೇವದೂತನು ಹೇಳಲಿಲ್ಲ. ನಾವೇಕೆ ಹೇಳುತ್ತೇವೆ?

"ಕ್ಷಮಿಸಬೇಡವೇ?" ಎಂದು ಕೆಲವರು ಕೇಳುತ್ತಾರೆ. ಕ್ಷಮಿಸಬಹುದು. ಆದರೆ ಕ್ಷಮೆ ಬೇರೆ, ಅದೇ ಕೋಣೆಗೆ ಮತ್ತೆ ಹೋಗಿ ಪೆಟ್ಟು ತಿನ್ನುವುದು ಬೇರೆ.

ದೇಶದ ಕಾನೂನೂ ನಮ್ಮ ಹೆಣ್ಣುಮಕ್ಕಳಿಗೆ ತಡವಾಗಿ ಕಣ್ಣು ತೆರೆಯಿತು. 1869ರ ವಿಚ್ಛೇದನ ಕಾಯ್ದೆಯಲ್ಲಿ ಗಂಡನ ಕ್ರೌರ್ಯವೊಂದೇ ಕ್ರೈಸ್ತ ಹೆಂಡತಿಗೆ ಸಾಕಾದ ಕಾರಣವಾಗಿರಲಿಲ್ಲ. ಅದರ ಜೊತೆಗೆ ಅವನ ವ್ಯಭಿಚಾರವನ್ನೂ ಸಾಬೀತು ಮಾಡಬೇಕಿತ್ತು. 1995ರಲ್ಲಿ ಕೇರಳ ಹೈಕೋರ್ಟ್ ಈ ಅನ್ಯಾಯವನ್ನು ತಳ್ಳಿಹಾಕಿತು. 2001ರಲ್ಲಿ ಸಂಸತ್ತು ಕಾಯ್ದೆಯನ್ನೇ ತಿದ್ದಿತು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಪ್ರಕಾರ, ಮನೆ ಗಂಡನ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ಹೆಂಡತಿಗಿದೆ. ಮ್ಯಾಜಿಸ್ಟ್ರೇಟರಿಗೆ ಕೊಟ್ಟ ಅರ್ಜಿಯ ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನಗಳೊಳಗೆ ನಡೆಯಬೇಕು. ವಕೀಲರ ನೆರವೂ ಉಚಿತ.

ಇನ್ನು ಹೊಸ ಪ್ರೀತಿಯ ಮಾತು. ಬೇರೆ ವಾಸ ಮಾಡಿದ ಮಾತ್ರಕ್ಕೆ ವಿವಾಹಬಂಧ ಮುಗಿಯುವುದಿಲ್ಲ, ನಿಜ. ಆದರೆ ಆ ವಿವಾಹ ಮೊದಲಿನಿಂದಲೂ ಸಿಂಧುವಾಗಿರಲಿಲ್ಲ ಎಂದು ಧರ್ಮಸಭೆಯ ನ್ಯಾಯಮಂಡಳಿ ತೀರ್ಮಾನಿಸಿದರೆ ಅವಳು ದೇವಾಲಯದಲ್ಲೇ ಮದುವೆಯಾಗಬಹುದು. ಈ ವಿಚಾರಣೆಯನ್ನು 2015ರಲ್ಲಿ ಜಗದ್ಗುರುಗಳು ಸರಳಗೊಳಿಸಿದ್ದಾರೆ. ಹಾಗೆ ಮದುವೆಯಾದವಳನ್ನು ಕಂಡು ಪಿಸುಗುಟ್ಟುವ ಹಕ್ಕು ನಮಗಿಲ್ಲ. ಮದುವೆಯೇ ಬೇಡವೆಂದರೂ ಅವಳ ಬದುಕು ಅರೆಬರೆಯಲ್ಲ. ಅವಳಿಗೆ ಮೊದಲು ಬೇಕಾದದ್ದು ನಾಯಕನಲ್ಲ; ಭಯವಿಲ್ಲದ ನಿದ್ದೆ, ಕೈಯಲ್ಲೊಂದು ಕೆಲಸ, ಮಗುವಿಗೆ ಶಾಲೆ.

ಆದ್ದರಿಂದ ಯುವಜನರೇ, 181 ಮಹಿಳಾ ಸಹಾಯವಾಣಿಯ ಸಂಖ್ಯೆಯನ್ನು ಎಲ್ಲರೂ ಬರೆದಿಟ್ಟುಕೊಳ್ಳೋಣ. ಮಹಿಳಾ ಪೊಲೀಸ್ ಠಾಣೆಗೆ ಅವಳೊಬ್ಬಳನ್ನೇ ಕಳಿಸುವುದು ಬೇಡ, ಜೊತೆಗೆ ಹೋಗೋಣ. ತಮಿಳಿನಲ್ಲಿ ಅರ್ಜಿ ಬರೆಯಬಲ್ಲವರು ನಮ್ಮಲ್ಲೇ ಇದ್ದಾರೆ, ಬರೆದುಕೊಡೋಣ. ಗಂಡಸರೇ, ಎಫೆಸಿಯರಿಗೆ ಬರೆದ ಪತ್ರದ 5ನೇ ಅಧ್ಯಾಯವನ್ನು ಹೆಂಡತಿಗೆ ಓದಿ ಹೇಳುವ ಮೊದಲು ಅದರಲ್ಲಿ ಗಂಡನಿಗೆ ಹೇಳಿದ್ದನ್ನು ಓದಿಕೊಳ್ಳೋಣ. ಕ್ರಿಸ್ತರು ಪ್ರೀತಿಸಿದ್ದು ಕೈಯೆತ್ತಿ ಹೊಡೆದಲ್ಲ, ಪ್ರಾಣ ಕೊಟ್ಟು.

ಮುಂದೊಂದು ರಾತ್ರಿ ಯಾರಾದರೂ ಬಾಗಿಲು ತಟ್ಟಿದರೆ "ಯಾಕೆ ಬಂದೆ?" ಎಂದು ಕೇಳುವುದು ಬೇಡ. "ಒಳಗೆ ಬಾಮ್ಮ, ಮೊದಲು ಊಟ ಮಾಡು" ಎನ್ನೋಣ.