ಮೊದಲು ‘ನಾಳೆ ಬಾ’ ಅಂದವರು ನಾವೇ

ಹೊಲಿಗೆ ಅಂಗಡಿಯವರ ಬಗ್ಗೆ ನಮ್ಮ ಊರುಗಳಲ್ಲಿ ತೀರ್ಪು ಯಾವಾಗಲೋ ಆಗಿಹೋಗಿದೆ. ಅವರು ಸುಳ್ಳು ಹೇಳುತ್ತಾರೆ ಅಂತ. ಜಂಪರ್ ಹೊಲಿಯಲು ಕೊಟ್ಟರೆ “ಸ್ವಾಮಾರ ಬರ್ರಿ ಅಕ್ಕಾರ” ಅನ್ನುತ್ತಾರೆ. ಸೋಮವಾರ ಹೋದರೆ “ಹುಕ್ಕು ಹಚ್ಚೂದಷ್ಟ ಉಳದೈತಿ” ಅನ್ನುತ್ತಾರೆ. ಸೋಫಾ ರಿಪೇರಿಗೆ ಕೊಟ್ಟರೆ “ಎಂಟ ದಿನದಾಗ ಮನಿಗೆ ಮುಟ್ಟಸ್ತೇನ್ರಿ” ಅನ್ನುತ್ತಾರೆ. ಹದಿನೈದು ದಿನ ಬಿಟ್ಟು ಹೋದರೂ ಬಟ್ಟೆ ಕಿತ್ತ ಸೋಫಾ ಎಲುಬಿನ ಹಂದರದ ಹಾಗೆ ಮೂಲೆಯಲ್ಲಿ ನಿಂತಿರುತ್ತದೆ. ಅದರ ಮೇಲೆ ಇನ್ಯಾರದೋ ಬೈಕಿನ ಸೀಟು.

ಹಿಂದೆ ದೆವ್ವ ಬರಬಾರದು ಅಂತ ಮನೆ ಬಾಗಿಲಿಗೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರಲ್ಲ, ಆ ಬೋರ್ಡು ಈಗ ಸಿಂಪಿಗನ ಅಂಗಡಿಗೆ ಹೋಗಿದೆ ಅಂತ ನಾವು ನಗುತ್ತೇವೆ.

ನಗುವ ಮುಂಚೆ ಒಂದು ಪ್ರಶ್ನೆ. ಆ ಅಂಗಡಿಯವನಿಗೆ ‘ನಾಳೆ ಬಾ’ ಅಂತ ಮೊದಲು ಹೇಳಿದವರು ಯಾರು? ನಾವು. ಅವನ ಕೆಲಸ ತಡವಾಗುವುದು ಬಹಳ ಮಟ್ಟಿಗೆ ನಮ್ಮ ದುಡ್ಡು ತಡವಾಗುವುದರಿಂದ. ಇದನ್ನು ಒಪ್ಪಿಕೊಳ್ಳದೆ ಅವನನ್ನು ಸುಳ್ಳ ಅನ್ನುವ ಹಕ್ಕು ನಮಗಿಲ್ಲ.

ಐದು ಮನೆಯ ಮುಂಗಡ, ಒಂದು ಮನೆಯ ಸೋಫಾ

ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಊರಿನ ದರ ಹಾಕಿ ನೋಡಿದರೂ ಲೆಕ್ಕದ ದಾರಿ ಬದಲಾಗುವುದಿಲ್ಲ.

ಒಂದು ಸೋಫಾ ಸೆಟ್ಟಿಗೆ ಹೊಸ ಫೋಮ್, ರೆಕ್ಸಿನ್, ಬೆಲ್ಟು, ಗಮ್, ಪಿನ್ನು, ಜಿಪ್ಪು, ನೂಲು ಸೇರಿ 10,000 ರೂಪಾಯಿ ಸಾಮಾನು ಬೇಕು ಅಂದುಕೊಳ್ಳಿ. ಕೂಲಿ 5,000. ಒಟ್ಟು 15,000. ನಾವು ಮುಂಗಡ ಎಷ್ಟು ಕೊಡುತ್ತೇವೆ? 2,000. “ಉಳದದ್ದು ಕೆಲಸ ಆದಮ್ಯಾಲೆ ನೋಡೂಣು” ಅನ್ನುತ್ತೇವೆ.

2,000ಕ್ಕೆ ಸೋಫಾದ ಸಾಮಾನು ಬರುವುದಿಲ್ಲ. ಸಾಮಾನನ್ನು ಕಂತಿನಲ್ಲಿ ತರಲಿಕ್ಕೂ ಆಗುವುದಿಲ್ಲ. ಇವತ್ತು ನಾಲ್ಕು ಮೀಟರ್ ರೆಕ್ಸಿನ್ ತಂದು, ಮುಂದಿನ ವಾರ ಇನ್ನೊಂದು ಸುರುಳಿಯಿಂದ ನಾಲ್ಕು ಮೀಟರ್ ತಂದರೆ ಬಣ್ಣ ಒಂದು ಎಳೆ ಹೆಚ್ಚುಕಡಿಮೆ ಆಗಬಹುದು. ಆಮೇಲೆ ನೀವೇ ಬಂದು “ಎಡಕ್ಕೊಂದು ಬಣ್ಣ, ಬಲಕ್ಕೊಂದು ಬಣ್ಣ” ಅಂತ ಜಗಳ ತೆಗೆಯುತ್ತೀರಿ. ಫೋಮ್ ಅಂಗಡಿಯವರು ಒಮ್ಮೆ ಉದ್ರಿ ಕೊಡುತ್ತಾರೆ. ಹಳೇ ಬಾಕಿ ಇದ್ದರೆ ಎರಡನೇ ಸಲ ಕೊಡುವುದಿಲ್ಲ.

ಆಗ ಅವನು ಏನು ಮಾಡುತ್ತಾನೆ? ಇನ್ನೊಬ್ಬರ ಬೈಕ್ ಸೀಟು ಹಿಡಿಯುತ್ತಾನೆ. ಮತ್ತೊಬ್ಬರ ದಿವಾನ್ ಹಿಡಿಯುತ್ತಾನೆ. ಮಗದೊಬ್ಬರ ಮದುವೆ ಗಾದಿ, ಇನ್ನೊಂದು ಮನೆಯ ಪರದೆ. ಒಬ್ಬೊಬ್ಬರಿಂದ 2,000. ಅಂದರೆ ನಿಮ್ಮ ಒಂದು ಸೋಫಾದ ಸಾಮಾನು ತರಲು ಐದು ಮನೆಯ ಮುಂಗಡ ಸೇರಬೇಕು. ಸಾಮಾನು ಬಂದಾಗ ಅವನ ತಲೆ ಮೇಲೆ ಐದು ಮನೆಯ ಮಾತು ಇರುತ್ತದೆ. ನಾಲ್ಕು ಮನೆಯ ದುಡ್ಡು ಆಗಲೇ ನಿಮ್ಮ ಫೋಮಿಗೆ ಖರ್ಚಾಗಿರುತ್ತದೆ.

ನಿಮ್ಮ ಸೋಫಾ ಮುಗಿಯಿತು ಅನ್ನಿ. ನೀವು 13,000 ಕೊಟ್ಟರೆ ಆ ನಾಲ್ಕು ಮನೆಯ ಕೆಲಸ ಶುರುವಾಗುತ್ತದೆ. ನೀವು “ಕಡ್ಲಿ ಮಾರಿದಮ್ಯಾಲೆ ಕೊಡ್ತೇನಿ” ಅಂದರೆ? ಅವನು ಆರನೆಯ ಮನೆ ಹುಡುಕುತ್ತಾನೆ. ಇಲ್ಲವೇ ತಿಂಗಳಿಗೆ ನೂರಕ್ಕೆ ಮೂರರಂತೆ ಕೈಸಾಲ ತರುತ್ತಾನೆ. ಅದು ವರ್ಷಕ್ಕೆ ನೂರಕ್ಕೆ ಮೂವತ್ತಾರು. ಸಂಘದ ಸಾಲ ಇದ್ದರೆ ಕಂತು ವಾರ ತಪ್ಪದೆ ಬರುತ್ತದೆ. ಆ ವಸೂಲಿಯ ಕಾಟ ಎಷ್ಟು ಹೆಚ್ಚಾಯಿತು ಅಂದರೆ, 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲದ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು. ಆದರೆ ಗಿರಾಕಿಯಿಂದ ಬರಬೇಕಾದ ದುಡ್ಡಿಗೆ ಮಾತ್ರ ವಾರವೂ ಇಲ್ಲ, ತಾರೀಖೂ ಇಲ್ಲ.

ಬೇಕು ಅಂತ ಯಾರೂ ಹತ್ತು ಕೆಲಸ ಒಟ್ಟಿಗೆ ಹಿಡಿಯುವುದಿಲ್ಲ. ಹತ್ತು ಹಿಡಿಯದಿದ್ದರೆ ಒಂದೂ ಮುಗಿಯುವುದಿಲ್ಲ ಅನ್ನುವ ಸ್ಥಿತಿ ಅವನದು.

ಹಾಗೆ ಹಿಡಿದ ಹತ್ತು ಕೆಲಸ ಸಮಯವನ್ನೂ ತಿನ್ನುತ್ತವೆ. ಜಂಪರಿಗೆ 11 ಅಥವಾ 14ನೇ ನಂಬರಿನ ಸೂಜಿ ಸಾಕು. ರೆಕ್ಸಿನ್ನಿಗೆ 18 ಇಲ್ಲವೇ 21 ಬೇಕು. ಮಷಿನ್ ಒಂದೇ ಇದ್ದರೆ ಪ್ರತಿ ಸಲ ಸೂಜಿ ಬದಲಿಸಬೇಕು, ನೂಲು ಬದಲಿಸಬೇಕು, ಬಿಗಿ ಸರಿ ಮಾಡಿ ಚಿಂದಿ ಮೇಲೆ ಹೊಲಿದು ನೋಡಬೇಕು. ನಡುವೆ ಫೋನು: “ನಮ್ದು ಎಲ್ಲಿಗೆ ಬಂತು?” ಹತ್ತು ಜನ ದಿನಕ್ಕೆರಡು ಸಲ ಕೇಳಿದರೆ ಇಪ್ಪತ್ತು ಉತ್ತರ. ಉತ್ತರ ಕೊಡುವಷ್ಟು ಹೊತ್ತು ಮಷಿನ್ ನಿಂತಿರುತ್ತದೆ.

ಬೆಂಗೇರಿಯ ಧ್ವಜ ಮತ್ತು ನಿಮ್ಮ ಮನೆಯ ಸೋಫಾ

“ಸೀಸನ್ ಬರೂದು ಗೊತ್ತಿದ್ದರ ಮೊದಲ ತಯಾರಿ ಮಾಡ್ಕೋಬಾರದ?” ಅಂತ ಕೆಲವರು ಕೇಳುತ್ತಾರೆ. ಇದಕ್ಕೆ ಹುಬ್ಬಳ್ಳಿಯಲ್ಲೇ ಉತ್ತರ ಇದೆ.

ಬೆಂಗೇರಿಯಲ್ಲಿ 1957ರಲ್ಲಿ ಶುರುವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ರಾಷ್ಟ್ರಧ್ವಜ ಹೊಲಿಯುತ್ತದೆ. ಹೊಲಿಯುವವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಅಲ್ಲೂ ಬೇಡಿಕೆ ಏರುವುದು ಎರಡೇ ಹೊತ್ತಿಗೆ, ಆಗಸ್ಟ್ 15 ಮತ್ತು ಜನವರಿ 26. ಆದರೆ ಧ್ವಜದ ಅಳತೆ ಒಂಬತ್ತೇ. 6 ಇಂಚು ಉದ್ದ, 4 ಇಂಚು ಅಗಲದಿಂದ ಹಿಡಿದು 21 ಅಡಿ ಉದ್ದ, 14 ಅಡಿ ಅಗಲದವರೆಗೆ. ಬಟ್ಟೆ, ಬಣ್ಣ, ಹೊಲಿಗೆ ಎಲ್ಲಕ್ಕೂ ಭಾರತೀಯ ಮಾನಕ ಬ್ಯೂರೋದ ನಿಯಮ ಇದೆ. ಇವತ್ತು ಹೊಲಿದ ಧ್ವಜವನ್ನು ಆರು ತಿಂಗಳ ನಂತರ ಯಾರಿಗಾದರೂ ಮಾರಬಹುದು.

ಸೋಫಾ ಹಾಗಲ್ಲ. ನಿಮ್ಮ ಮನೆಯ ಸೋಫಾ ಪಕ್ಕದ ಮನೆಯದಕ್ಕಿಂತ ಮೂರು ಇಂಚು ಉದ್ದ. ನಿಮಗೆ ಕಾಫಿ ಬಣ್ಣ, ಅವರಿಗೆ ಮೆಹಂದಿ ಬಣ್ಣ. ನೀವು ಬೇಡ ಅಂದರೆ ಕತ್ತರಿಸಿದ ಫೋಮು ಬೇರೆಯವರಿಗೆ ಹೊಂದುವುದಿಲ್ಲ. ಜಂಪರಂತೂ ಒಬ್ಬರದು ಇನ್ನೊಬ್ಬರಿಗೆ ಆಗುವುದೇ ಇಲ್ಲ. ಮೊದಲೇ ಮಾಡಿಟ್ಟು ಮಾರಲಾಗದ ಕೆಲಸ ಇದು. ಆದ್ದರಿಂದಲೇ ಸಾಮಾನಿನ ದುಡ್ಡು ಮೊದಲು ಬರಬೇಕು.

ಆ ಬೆಂಗೇರಿಗೂ ಪೆಟ್ಟು ಬಿತ್ತು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿ ಮಾಡಿ ಪಾಲಿಯೆಸ್ಟರ್ ಧ್ವಜಕ್ಕೂ ಮಷಿನ್ನಿನಲ್ಲಿ ತಯಾರಾದ ಧ್ವಜಕ್ಕೂ ಒಪ್ಪಿಗೆ ಕೊಟ್ಟರು. ಮರುವರ್ಷ ಮನೆಮನೆಯಲ್ಲೂ ತಿರಂಗಾ ಅಂತ ಅಭಿಯಾನ ನಡೆದಾಗ ಅಗ್ಗದ ರೆಡಿಮೇಡ್ ಧ್ವಜ ಎಲ್ಲ ಕಡೆ ಹರಿದಾಡಿತು. ಎಲ್ಲಿಂದಲೋ ಬಂದ ರೆಡಿಮೇಡ್ ಮಾಲು ಇಲ್ಲಿ ಹೊಲಿಯುವವರ ಕೆಲಸ ಕಸಿಯುತ್ತದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಈಗ ಅದೇ ಸರದಿ ಗಾದಿ, ಸೋಫಾ ಅಂಗಡಿಗಳದು.

ಆನ್‌ಲೈನಿಗೆ ಮೊದಲೇ ದುಡ್ಡು, ಓಣಿಯವನಿಗೆ ಸುಗ್ಗಿಗೆ ದುಡ್ಡು

ನನಗೆ ಸಿಟ್ಟು ಬರುವುದು ಇಲ್ಲಿ. ಆನ್‌ಲೈನಿನಲ್ಲಿ ಕುಶನ್ ಕವರ್ ತರಿಸುವಾಗ ನಾವು ಪೂರ್ತಿ ದುಡ್ಡು ಮೊದಲೇ ಹಾಕುತ್ತೇವೆ. ಏಳು ದಿನ ಕಾಯುತ್ತೇವೆ. ಎರಡು ದಿನ ತಡವಾದರೆ “ಲಾರಿ ಬರಬೇಕಲ್ಲ” ಅಂತ ನಾವೇ ಸಮಾಧಾನ ಹೇಳಿಕೊಳ್ಳುತ್ತೇವೆ. ಶೋರೂಮಿನ ಸೋಫಾ ಕಂತಿನ ಮೇಲೆ ತಂದರೆ ಇಎಂಐ ತಾರೀಖು ತಪ್ಪಿಸುವುದಿಲ್ಲ. ತಪ್ಪಿದರೆ ದಂಡ, ಸಿಬಿಲ್ ಸ್ಕೋರು, ಮನೆ ಮುಂದೆ ವಸೂಲಿಯವರು.

ನಮ್ಮ ಓಣಿಯ ಸಿಂಪಿಗ, ಮಕ್ಕಳ ಯೂನಿಫಾರ್ಮ್ ಹೊಲಿದುಕೊಡುವ ಅಕ್ಕ, ಅಜ್ಜಿಯ ಗಾದಿ ಹಿಂಜಿ ಕೊಟ್ಟ ಚಾಚಾ ಇವರಿಗೆ ಮಾತ್ರ “ನಾವೇನ್ ಓಡಿ ಹೋಗ್ತೇವೇನ?” ಅನ್ನುತ್ತೇವೆ. ಹೆದರಿಸುವವನಿಗೆ ತಾರೀಖಿಗೆ ಸರಿಯಾಗಿ ದುಡ್ಡು. ನಂಬಿದವನಿಗೆ ಬಾಕಿ.

ಹಳ್ಳಿಯವರಾದ ನಮಗೆ ಇದು ಗೊತ್ತಿಲ್ಲದ ನೋವಲ್ಲ. ಖರೀದಿ ಕೇಂದ್ರಕ್ಕೆ ಹೆಸರು, ಕಡಲೆ ಹಾಕಿ, ದುಡ್ಡು ಖಾತೆಗೆ ಯಾವಾಗ ಬಂದೀತು ಅಂತ ಬ್ಯಾಂಕಿಗೆ ಅಲೆದವರು ನಾವು. ಆ ದುಡ್ಡು ಬಾರದೆ ಬೀಜ ಗೊಬ್ಬರಕ್ಕೆ ಬಡ್ಡಿ ಸಾಲ ಮಾಡಿದವರೂ ನಾವೇ. ನಾನೂ ಸ್ಟ್ರಿಂಗರ್. ಸುದ್ದಿಗಿಷ್ಟು ಅಂತ ದುಡ್ಡು, ಅದೂ ಬಂದಾಗ ಬಂತು. ಹಾಗಾಗಿ ಒಂದೇ ವಾರದಲ್ಲಿ ಮೂರು ಕಡೆ ಕೆಲಸ ಹಿಡಿಯುವ ಸಂಕಟ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಕಾಯಿಸಿಕೊಂಡವರೇ ಇನ್ನೊಬ್ಬರನ್ನು ಕಾಯಿಸಿದರೆ ಹೇಗೆ?

ಚಾಪೆಯವರು ಪಟ್ಟಿಯಲ್ಲಿದ್ದಾರೆ, ಗಾದಿಯವರಿಲ್ಲ

ಇನ್ನು ಸರ್ಕಾರ. ಹೊಲಿಗೆ ಮಷಿನ್ ವಿತರಣೆಯ ಫೋಟೊ ನನ್ನ ಫೋನಿಗೆ ಮೇಲಿಂದ ಮೇಲೆ ಬರುತ್ತದೆ. ಸಾಲಾಗಿ ಮಷಿನ್, ಹಿಂದೆ ಹಾರ ಹಾಕಿಕೊಂಡ ಗಣ್ಯರು. ಮಷಿನ್ ಕೊಡುವುದು ತಪ್ಪಲ್ಲ. ಆದರೆ ಅಂಗಡಿ ನಿಲ್ಲುವುದು ಮಷಿನ್ ಇಲ್ಲದ್ದಕ್ಕಲ್ಲ, ಕೈಯಲ್ಲಿ ಸಾಮಾನಿನ ದುಡ್ಡು ಇಲ್ಲದ್ದಕ್ಕೆ.

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಆ ದುಡ್ಡಿಗೆ ದಾರಿ ಇದೆ. ಉಪಕರಣಕ್ಕೆ 15,000 ರೂಪಾಯಿ. ತರಬೇತಿಗೆ ಹೋದರೆ ದಿನಕ್ಕೆ 500. ಅಡಮಾನ ಇಲ್ಲದೆ ಮೊದಲು 1 ಲಕ್ಷ, ಅದನ್ನು ತೀರಿಸಿದ ಮೇಲೆ 2 ಲಕ್ಷ ಸಾಲ, ಶೇ 5 ಬಡ್ಡಿಗೆ. ನೂರಕ್ಕೆ ಮೂವತ್ತಾರರ ಮುಂದೆ ಶೇ 5 ಅಂದರೆ ದೊಡ್ಡ ಮಾತು.

ಆದರೆ ಅದು 18 ಕಸುಬುಗಳಿಗೆ ಮಾತ್ರ. ಪಟ್ಟಿಯಲ್ಲಿ ದರ್ಜಿ ಇದ್ದಾರೆ. ದೋಣಿ ಕಟ್ಟುವವರು, ಬೀಗ ಮಾಡುವವರು, ಮೀನಿನ ಬಲೆ ಹೆಣೆಯುವವರು, ಚಾಪೆ ಹೆಣೆಯುವವರು ಇದ್ದಾರೆ. ಗಾದಿ ಮಾಡುವವರಿಲ್ಲ. ಸೋಫಾ, ಕುಶನ್, ಸೀಟು ಹೊಲಿಯುವವರಿಲ್ಲ. ನಮ್ಮ ಭಾಗದಲ್ಲಿ ತಲೆಮಾರುಗಳಿಂದ ಬಿಲ್ಲು ಹೊತ್ತು ಊರೂರು ತಿರುಗಿ ಹತ್ತಿ ಹಿಂಜಿ ಗಾದಿ ಮಾಡಿಕೊಟ್ಟವರು ನದಾಫ, ಪಿಂಜಾರ ಮನೆತನದವರು. ಅವರ ಕಸುಬಿಗೆ ಆ ಪಟ್ಟಿಯಲ್ಲಿ ಹೆಸರಿಲ್ಲ. ರೈಲ್ವೆಯಲ್ಲಿ ಸೀಟು ಹೊಲಿಯುವವರಿಗೆ ಟ್ರಿಮ್ಮರ್ ಅಂತ ಹುದ್ದೆಯೇ ಇದೆ. ಸರ್ಕಾರಕ್ಕೆ ಈ ಕಸುಬು ಗೊತ್ತಿಲ್ಲ ಅನ್ನುವ ಹಾಗಿಲ್ಲ. ಧಾರವಾಡದಿಂದ ದೆಹಲಿಗೆ ಹೋದವರು ಈ ಒಂದು ಮಾತು ಅಲ್ಲಿ ಎತ್ತಲಿ.

ಮನೆಯವರಿಗಿಂತ ದೊಡ್ಡ ಬಾಕಿದಾರರು ಹಾಸ್ಟೆಲ್, ಶಾಲೆ, ಕಲ್ಯಾಣಮಂಟಪ, ಕಚೇರಿಗಳು. “ಬಿಲ್ ಪಾಸಾಗಿಲ್ಲ” ಅನ್ನುವುದು ಅವರ ‘ನಾಳೆ ಬಾ’. ಇದಕ್ಕೆ 2006ರ ಎಂಎಸ್ಎಂಇ ಅಭಿವೃದ್ಧಿ ಕಾಯ್ದೆ ಇದೆ. ಸಣ್ಣ ಉದ್ಯಮಿಯಿಂದ ಕೆಲಸ ಮಾಡಿಸಿಕೊಂಡವರು ಕರಾರು ಬರೆದುಕೊಂಡಿದ್ದರೂ 45 ದಿನಕ್ಕಿಂತ ಹೆಚ್ಚು ಕಾಯಿಸುವಂತಿಲ್ಲ. ಕರಾರು ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ಚಕ್ರಬಡ್ಡಿ.

ಇದಕ್ಕೆ ಉದ್ಯಮ್ ನೋಂದಣಿ ಬೇಕು. 2020ರ ಜುಲೈ 1ರಿಂದ ಅದು ಆನ್‌ಲೈನಿನಲ್ಲಿ, ಆಧಾರ್ ಮೇಲೆ, ಪುಕ್ಕಟೆ. ದುಡ್ಡು ಕೇಳುವ ಏಜೆಂಟರನ್ನು ನಂಬಬೇಡಿ. ಕೆಲಸ ಹಿಡಿಯುವ ಮುಂಚೆಯೇ ಮಾಡಿಸಿಡಿ. ದೂರನ್ನೂ ಆನ್‌ಲೈನಿನಲ್ಲೇ ಕೊಡಬಹುದು.

ಆದರೂ ಒಂದು ಮಾತು. ಮುಂದಿನ ವರ್ಷದ ಕೆಲಸ ಕೊಡಬೇಕಾದವರ ಮೇಲೆ ಒಂದು ಮಷಿನ್ನಿನ ಅಂಗಡಿಯವನು ದೂರು ಕೊಡುತ್ತಾನಾ? ಕೊಡುವುದಿಲ್ಲ. ಕಾನೂನು ಇರುವುದು ಅವನ ಕೈಯಲ್ಲಿ, ಕೆಲಸ ಇರುವುದು ಅವರ ಕೈಯಲ್ಲಿ. ಆದ್ದರಿಂದ ಸರ್ಕಾರಿ ಹಾಸ್ಟೆಲು, ಶಾಲೆಗಳಾದರೂ ದೂರು ಬರುವವರೆಗೆ ಕಾಯದೆ ತಾವಾಗಿ ಕೊಡಬೇಕು. ಪಂಚಾಯಿತಿ ಸದಸ್ಯರೇ, ಎಸ್‌ಡಿಎಂಸಿಯವರೇ, ನಿಮ್ಮಲ್ಲಿ ಇಂಥ ಬಿಲ್ ಎಷ್ಟು ದಿನದಿಂದ ಕೂತಿದೆ ನೋಡಿ.

ಅಂಗಡಿಯವರಿಗೂ ಎರಡು ಮಾತು

ತಪ್ಪೆಲ್ಲ ಗಿರಾಕಿಯದೇ ಅಂತ ನಾನು ಹೇಳುತ್ತಿಲ್ಲ. ಕುಂದಗೋಳ, ಕಲಘಟಗಿ, ನವಲಗುಂದದ ಹಳ್ಳಿಗಳಿಂದ ಒಬ್ಬ ತಾಯಿ ಮೂರು ಸಲ ಹುಬ್ಬಳ್ಳಿಗೆ ಬಂದು ಬರಿಗೈಯಲ್ಲಿ ಹೋದರೆ, ಬಸ್ಸು ಫ್ರೀ ಇರಬಹುದು, ಅವಳ ಮೂರು ದಿನದ ಕೂಲಿ ಫ್ರೀ ಅಲ್ಲ. ಮುಂಗಡ ನುಂಗಿ ಫೋನ್ ಎತ್ತದವರೂ ಇದ್ದಾರೆ. ಅವರಿಂದಾಗಿಯೇ ಒಳ್ಳೆಯವರಿಗೂ ಯಾರೂ ಮುಂಗಡ ಕೊಡುವುದಿಲ್ಲ.

“ಹಾಸಿಗೆ ಇದ್ದಷ್ಟು ಕಾಲು ಚಾಚು” ಅಂತ ಹಾಸಿಗೆ ಹೊಲಿಯುವವರಿಗೇ ಬುದ್ಧಿ ಹೇಳುವುದು ಸುಲಭ. ಆ ಬುದ್ಧಿವಾದ ಬೇಡ. ಮಾಡಬಹುದಾದದ್ದು ಹೇಳುತ್ತೇನೆ.

ಸಾಮಾನು ಕೈಗೆ ಬರುವವರೆಗೆ ಸೋಫಾ ಬಿಚ್ಚಬೇಡಿ. ಬಿಚ್ಚದ ಸೋಫಾದ ಮೇಲೆ ಮನೆಯವರು ಕೂರಬಹುದು. ಬಿಚ್ಚಿದ್ದು ಅಂಗಡಿಯ ಜಾಗ, ನಿಮ್ಮ ಮರ್ಯಾದೆ ಎರಡನ್ನೂ ತಿನ್ನುತ್ತದೆ. ಬಿಚ್ಚಿದ ದೊಡ್ಡ ಕೆಲಸ ಒಂದು ಹೊತ್ತಿಗೆ ಒಂದೇ ಇರಲಿ.

ವಾರವನ್ನು ಭಾಗ ಮಾಡಿ. ದಪ್ಪ ಸೂಜಿಯ ದಿನ ಬೇರೆ, ಸಣ್ಣ ಸೂಜಿಯ ದಿನ ಬೇರೆ.

ಒಂದು ನೋಟ್‌ಬುಕ್ ಇಡಿ. ಹೆಸರು, ಅಳತೆ, ಸಾಮಾನಿನ ಖರ್ಚು, ಮುಂಗಡ, ಕೊಡುವ ತಾರೀಖು ಬರೆದು, ಆ ಹಾಳೆಯ ಫೋಟೊ ಗಿರಾಕಿಗೆ ವಾಟ್ಸ್ಆ್ಯಪ್ ಮಾಡಿ. ಬರೆದ ತಾರೀಖು ಇಬ್ಬರನ್ನೂ ಕಟ್ಟಿಹಾಕುತ್ತದೆ. ಬಿಲ್ಲಿನ ಜಗಳ ಬಂದರೆ ಅದೇ ದಾಖಲೆ.

ಮತ್ತು ‘ಈ ತಿಂಗಳು ಹೊಸ ಕೆಲಸ ತಗೊಳ್ಳುವುದಿಲ್ಲ’ ಅಂತ ಹೇಳಲು ಕಲಿಯಿರಿ. ‘ಆಗೂದಿಲ್ರಿ’ ಅಂದರೆ ಒಬ್ಬ ಗಿರಾಕಿ ಹೋಗಬಹುದು. ‘ನಾಳೆ ಬಾ’ ಅಂದರೆ ಅವನ ಇಡೀ ಓಣಿ ಹೋಗುತ್ತದೆ.

ನಾವು ಮಾಡಬೇಕಾದದ್ದು ಇನ್ನೂ ಕಡಿಮೆ. ಸಾಮಾನಿನ ಪೂರ್ತಿ ದುಡ್ಡು ಮುಂಗಡ ಕೊಡಿ. ಅನುಮಾನ ಇದ್ದರೆ ಜೊತೆಗೆ ಹೋಗಿ ನೀವೇ ಫೋಮ್, ರೆಕ್ಸಿನ್ ಕೊಡಿಸಿ. ಕೂಲಿಯನ್ನು ಸೋಫಾ ಮನೆಗೆ ಬಂದ ದಿನವೇ ಕೊಡಿ. ಸುಗ್ಗಿ ಆದ ಮೇಲೆ ಕೊಡುವುದಾದರೆ ಸುಗ್ಗಿ ಆದ ಮೇಲೆ ಮಾಡಿಸಿ. 25ಕ್ಕೆ ಮದುವೆ ಇಟ್ಟುಕೊಂಡು 10ಕ್ಕೇ ಐತಿ ಅಂತ ಸುಳ್ಳು ಹೇಳಬೇಡಿ. ನಿಮ್ಮ ಸುಳ್ಳು ತಾರೀಖು ನಿಜವಾಗಿ 12ಕ್ಕೆ ಮದುವೆ ಇರುವ ಮನೆಯ ಗಾದಿಯನ್ನು ಹಿಂದಕ್ಕೆ ತಳ್ಳುತ್ತದೆ.

ಈ ಅಂಗಡಿಗಳು ಮುಚ್ಚಿದರೆ ನಮಗೇನು ಅನ್ನಬೇಡಿ. ಆನ್‌ಲೈನಿನವರು ಹರಿದ ಸೀಟಿಗೆ ತೇಪೆ ಹಾಕಿಕೊಡುವುದಿಲ್ಲ, ಅಜ್ಜಿಯ ಗಾದಿಯ ಹತ್ತಿ ಬಿಚ್ಚಿ ಮತ್ತೆ ತುಂಬಿಕೊಡುವುದಿಲ್ಲ. ನಿಮ್ಮ ಹೆಸರಿನಲ್ಲಿ ಯಾವ ಅಂಗಡಿಯಲ್ಲಾದರೂ ಹಳೇ ಬಾಕಿ ಇದ್ದರೆ ಇವತ್ತೇ ಹಾಕಿಬಿಡಿ. ಫೋನು ಹೇಗೂ ಕೈಯಲ್ಲೇ ಇದೆ.